ತಿಳಿ ಗುಲಾಬಿ

ಒದ್ದೆ ಉಣ್ಣೆ, ವಿನೆಗರ್, ಹಂಡೆಯ ಹಬೆ. ಈ ಮೂರೂ ಬೆರೆತ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಆರು ವರ್ಷ. ಅಪ್ಪನದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಬಣ್ಣ ನೂಲನ್ನು ಅಷ್ಟು ಗಟ್ಟಿಯಾಗಿ ಯಾಕೆ ಹಿಡಿದುಕೊಳ್ಳುತ್ತದೆ ಎಂದು ಕೇಳಿದರೆ, "ಓದಿದವರನ್ನ ಕೇಳಮ್ಮ" ಎನ್ನುತ್ತಿದ್ದರು. ನಾನೂ ಓದಿದೆ, ಆದರೆ ಇತಿಹಾಸ ಓದಿದೆ. ಯಾವ ರಾಜ ಯಾವ ವರ್ಷ ಸತ್ತನೆಂದು ಹೇಳಬಲ್ಲೆ. ಹಂಡೆಯ ಪ್ರಶ್ನೆ ಹಾಗೇ ಉಳಿಯಿತು, ಅಂಗಡಿಯೂ ನನ್ನ ಪಾಲಿಗೇ ಬಂತು.

ಅರವತ್ತೆರಡಕ್ಕೆ ಅಂಗಡಿಯನ್ನು ಸೊಸೆಗೆ ಒಪ್ಪಿಸಿ ರಸಾಯನಶಾಸ್ತ್ರದ ಪದವಿಗೆ ಹೊರಟೆ. ಶಾಲೆಯಲ್ಲಿ ವಿಜ್ಞಾನ ಓದದ ದೊಡ್ಡವರಿಗೆಂದೇ ವಿಶ್ವವಿದ್ಯಾಲಯ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ನಡೆಸುತ್ತದೆ. ಅದರಲ್ಲಿ ಪಾಸಾದರೆ ನೇರ ಸೀಟು. ಲಿಖಿತ ಪರೀಕ್ಷೆ ಹೇಗೋ ದಾಟಿದೆ. ಪ್ರಯೋಗ ಪರೀಕ್ಷೆಯಲ್ಲಿ ಮಕಾಡೆ ಬಿದ್ದೆ. ಉಳಿದದ್ದು ಇನ್ನೊಂದೇ ಅವಕಾಶ.

ಬಿದ್ದದ್ದು ಹೇಗೆಂದರೆ ನೀವೂ ನಗುತ್ತೀರಿ. ಗಾಜಿನ ಬುಡ್ಡಿಯಲ್ಲಿ ಆಮ್ಲ, ಜೊತೆಗೆ ಬಣ್ಣ ತಿರುಗಿಸುವ ಸೂಚಕದ ಎರಡು ಹನಿ. ಮೇಲಿನ ಬ್ಯುರೆಟ್ ಎಂಬ ಉದ್ದ ಕೊಳವೆಯಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಬುಡ್ಡಿಯ ದ್ರಾವಣ ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಇಳಿಯಿತೆಂದು ಬರೆಯಬೇಕು. ಒಂದೇ ಅಳತೆ ಎರಡು ಸಲ ಬಂದರೆ ಪಾಸು. ನಾನು ಗುಲಾಬಿ ಬರಿಸಿದೆ. ಎಂಥ ಗುಲಾಬಿ! ಹತ್ತು ಸಲ ಒಗೆದರೂ ಬಿಡದಂಥದ್ದು. ಬುಡ್ಡಿಗಳನ್ನು ಸಾಲಾಗಿಟ್ಟು ಹೊಗಳಿಕೆಗೆ ಕಾದು ನಿಂತೆ.

ಮಗಳ ವಯಸ್ಸಿನ ಮೇಡಂ ಬಂದು ನೋಡಿದರು. "ಇದೇನಮ್ಮಾ, ಶಾಲಿಗೆ ಬಣ್ಣ ಹಾಕ್ತಿದ್ದೀರಾ?"

"ಪೇಲವ ಇದ್ರೆ ಗಿರಾಕಿ ವಾಪಸ್ ತರ್ತಾರೆ ಮೇಡಂ." ನಾಲಿಗೆ ತಾನಾಗಿ ಹೇಳಿಬಿಟ್ಟಿತು.

ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. "ಬಂತೋ ಇಲ್ವೋ ಅನ್ನೋ ಹಾಗಿರಬೇಕು. ಅಷ್ಟಕ್ಕೇ ನಿಲ್ಲಿಸಿ," ಎಂದರು.

ಸೊಸೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹನ್ನೆರಡು ವರ್ಷ 'ಇನ್ನೂ ಗಾಢ, ಇನ್ನೂ ಗಾಢ' ಅಂತ ನನ್ನ ಪ್ರಾಣ ತಿಂದ್ರಲ್ಲ ಅತ್ತೆ, ಈಗ ಅನುಭವಿಸಿ!"

"ನಗು, ನಗು. ಈ ಸಲವೂ ಹೋದ್ರೆ ಅಂಗಡಿಗೇ ವಾಪಸ್ ಬಂದು ಕೂರ್ತೀನಿ."

"ಅಯ್ಯೋ, ಕೈ ಮುಗೀತೀನಿ, ಪಾಸಾಗಿಬಿಡಿ!"

ಎರಡನೆಯ ಸಲ ಪರೀಕ್ಷೆಗೆ ಕೂತಾಗಲೂ ಮೊದಲ ಬುಡ್ಡಿ ಕಡುಗುಲಾಬಿ. ಎರಡನೆಯದು ಅದರ ಅಕ್ಕ. ಅಳತೆಗಳು ಒಂದಕ್ಕೊಂದು ಮುಖ ತಿರುಗಿಸಿದ್ದವು. ಇನ್ನೆರಡು ಸಲಕ್ಕಷ್ಟೇ ಸಮಯವಿತ್ತು. ಕಣ್ಣು ಮಂಜಾಯಿತೆಂದು ಕನ್ನಡಕ ಒರೆಸಲು ಅದರ ಡಬ್ಬಿ ಎತ್ತಿಕೊಂಡೆ. ಅಡಿಯಲ್ಲಿ ಬಿಳಿ ಟೈಲ್ಸಿನ ಚೌಕವಿತ್ತು. ವರ್ಷವಿಡೀ ಅದನ್ನು ಕೊಟ್ಟಿರುವುದು ಕನ್ನಡಕದ ಡಬ್ಬಿ ಇಡಲೆಂದೇ ತಿಳಿದು, ಎಷ್ಟು ಒಳ್ಳೆಯ ಕಾಲೇಜಪ್ಪಾ ಎಂದುಕೊಂಡಿದ್ದೆ!

ಬೋಳು ಬಿಳುಪು ಕಂಡದ್ದೇ ಅಪ್ಪ ನೆನಪಾದರು. ಎಳೆಕೂಸಿನ ಕಂಬಳಿಗೆ ತಿಳಿ ಗುಲಾಬಿ ಬೇಕೆಂದು ಯಾರಾದರೂ ಬಂದರೆ ಹಂಡೆಯ ಹತ್ತಿರ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ಹೋಲಿಸಿ ನೋಡಲು ಬಿಳಿ ಬಟ್ಟೆಯ ತುಂಡೊಂದನ್ನು ಪಕ್ಕದಲ್ಲಿ ಹಿಡಿದು ಕೂರುತ್ತಿದ್ದರು. "ಕಪ್ಪು ಯಾರು ಬೇಕಾದ್ರೂ ಹಾಕ್ತಾರೆ. ಇದಕ್ಕೆ ಕೈ ತಡೀಬೇಕು." ಆ ಕೆಲಸ ನನಗೆ ಯಾವತ್ತೂ ಒಲಿಯಲಿಲ್ಲ. ಯಜಮಾನಿಯಾದ ಮೇಲೆ ಅಂಥ ಕಂಬಳಿ ಬಂದರೆ ಏನೋ ನೆಪ ಹೇಳಿ ಸಾಗಹಾಕುತ್ತಿದ್ದೆ.

ಮೂರನೆಯ ಬುಡ್ಡಿಯನ್ನು ಬಿಳುಪಿನ ಮೇಲಿಟ್ಟೆ. ಇಪ್ಪತ್ತೊಂದು ದಾಟುವವರೆಗೆ ಕ್ಷಾರ ಸುರಿಸಿ, ಆಮೇಲೆ ಹನಿಗೆ ಇಳಿದೆ. ಒಂದು ಹನಿ. ಅಲುಗಾಡಿಸಿದೆ. ಇನ್ನೊಂದು. ಏನೂ ಇಲ್ಲ. ಮತ್ತೊಂದು. ಬಿಳುಪಿಗೂ ದ್ರಾವಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಎನ್ನಿಸಿತು. ಬೆರಳು ಇನ್ನೊಂದು ಹನಿಗೆ ಹಾತೊರೆಯಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆದುಕೊಂಡೆ.

ಇಪ್ಪತ್ತೊಂದು ಪಾಯಿಂಟ್ ಆರು. ನಾಲ್ಕನೆಯ ಬುಡ್ಡಿಗೂ ಇಪ್ಪತ್ತೊಂದು ಪಾಯಿಂಟ್ ಆರು.

ಮೇಡಂ ಬಗ್ಗಿ ನೋಡಿದರು. "ಬಣ್ಣ ಬಂದಿದೆಯಾ?"

"ಬಂದಿದೆ ಮೇಡಂ. ಗಿರಾಕಿ ಬೈದರೂ ಸರಿ."

ಈ ಸಲ ಅವರು ನಕ್ಕು, ಸೀಟಿನ ಅರ್ಜಿಗೆ ಸಹಿ ಹಾಕಿದರು.

ಹೊರಗಿನ ಬೆಂಚಿನ ಮೇಲೆ ಸೊಸೆ ಕೂತಿದ್ದಳು. ಗಿರಾಕಿಗಳು ಮುತ್ತುವ ಹೊತ್ತಿನಲ್ಲಿ ಅಂಗಡಿಗೆ ಬೀಗ ಹಾಕಿ ಬಂದಿದ್ದಾಳೆ. ಮಣಿಕಟ್ಟಿನವರೆಗೂ ನೀಲಿ ಬಣ್ಣ ಹಾಗೇ ಇತ್ತು. ನನ್ನ ಮುಖವನ್ನು ಒಮ್ಮೆ ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಊಟದ ಡಬ್ಬಿಯ ಮುಚ್ಚಳ ತೆಗೆದು, ಚಮಚ ಒರೆಸಿ, ನನ್ನ ಕೈಗಿಟ್ಟಳು.