ನನ್ನ ಹೆಸರಿಗೆ ಪ್ರಾಸ

ಹೆಣ್ಣು ನೋಡಲು ಬಂದವನು ಸಂಬಳದ ಮಾತಾಡುತ್ತಾನೆ, ಇಲ್ಲವೇ ಸೈಟಿನ ಮಾತಾಡುತ್ತಾನೆ. ಮೋಕ್ಷಿತ್ ‘ನಾನು ಸುನೀತ ಬರೀತೀನಿ’ ಅಂದ. ನಮ್ಮಪ್ಪ ನರಸಿಂಹಯ್ಯನವರು ಅದೂ ಒಂದು ಇಲಾಖೆ ಪರೀಕ್ಷೆ ಅಂದುಕೊಂಡು, ‘ಒಳ್ಳೇದಪ್ಪಾ, ಬರೆದ್ಬಿಡು’ ಅಂದರು.

ಸುನೀತ ಅಂದರೆ ಹದಿನಾಲ್ಕು ಸಾಲಿನ ಪದ್ಯ, ಇಂಗ್ಲಿಷಿನವರ ಸಾನೆಟ್ಟು. ತ್ಯಾಮಗೊಂಡ್ಲಿನ ಈ ಬ್ಯಾಂಕು ಗುಮಾಸ್ತ ಹೋದ ವರ್ಷವೇ ಉಮಾಶಂಕರ್ ಎಂಬ ಮಹಾಶಯರ ಯೂಟ್ಯೂಬ್ ಪಾಠ ಕೇಳಿ ಕಲಿತಿದ್ದನಂತೆ. ‘ನೀನೂ ಕಲಿ, ನಿಶ್ಚಿತಾರ್ಥದಲ್ಲಿ ಹೆಸರು ಹೇಳೋಕಾಗುತ್ತೆ’ ಅಂತ ಆ ವಿಡಿಯೊಗಳನ್ನೆಲ್ಲ ನನ್ನ ಫೋನಿಗೆ ಸುರಿದ.

ದೊಡ್ಡಬಳ್ಳಾಪುರದ ನಮ್ಮ ಬೀದಿಯ ನೇಕಾರರಲ್ಲಿ ಉಂಗುರ ತೊಡಿಸುವ ಮುಂಚೆ ಹುಡುಗ ಹುಡುಗಿ ಒಬ್ಬರ ಹೆಸರನ್ನು ಒಬ್ಬರು ಪದ್ಯದಲ್ಲಿ ಹೇಳಬೇಕು. ಹೇಳುವ ತನಕ ಹೆಂಗಸರು ಉಂಗುರ ಕೊಡುವುದಿಲ್ಲ. ಎರಡು ಸಾಲು ಧಾರಾಳ. ನಮ್ಮಮ್ಮ ‘ಮಗ್ಗದ ಮೇಲೆ ಮಲ್ಲಿಗೆ ದಂಡೆ, ನರಸಿಂಹಯ್ಯನ್ನ ಸಂತೇಲಿ ಕಂಡೆ’ ಅಂದು ಮುಗಿಸಿದ್ದಳು. ಇವನಿಗೆ ಹದಿನಾಲ್ಕು ಬೇಕು. ಬಂದವರ ಊಟ ಆರಿ ತಣ್ಣಗಾದರೆ ಇವನಿಗೇನು?

ನಮ್ಮ ಸೀರೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಪಾಠ ಕೇಳಿದೆ. ಉಮಾಶಂಕರ್ ಶಾಲು ಹೊದ್ದು, ಕಣ್ಣು ಅರೆಮುಚ್ಚಿ, ಒಂದೊಂದು ಸಾಲನ್ನೂ ಹಲ್ಲುನೋವು ಬಂದವರ ಹಾಗೆ ಎಳೆಯುತ್ತಿದ್ದರು. ಮೊದಲ ಎಂಟು ಸಾಲು ಕೊರಗಬೇಕಂತೆ, ಒಂಬತ್ತನೆಯದರಲ್ಲಿ ಮನಸ್ಸು ಹೊರಳಬೇಕಂತೆ. ಮನಸ್ಸು ಹೊರಳುವುದಕ್ಕೂ ಈ ಜನಕ್ಕೆ ಟೈಮ್‌ಟೇಬಲ್ಲು ಬೇಕು. ಕೊನೆಗೊಂದು ಕಟ್ಟಪ್ಪಣೆ. ಕೊನೆಯ ಸಾಲು ಪ್ರೇಯಸಿಯ ಹೆಸರಿನಿಂದಲೇ ಶುರುವಾಗಬೇಕು. ಆ ಹೆಸರಿನ ಎರಡನೆಯ ಅಕ್ಷರವೇ ಉಳಿದೆಲ್ಲ ಸಾಲುಗಳ ಎರಡನೆಯ ಅಕ್ಷರವೂ ಆಗಬೇಕು. ಅದೇ ಪ್ರಾಸ.

ಬೈದುಕೊಂಡೇ ಕಲಿತೆ. ‘ಮೋಕ್ಷಿತ್’ಗೆ ಸಾಕ್ಷಿ, ದೀಕ್ಷೆ, ಶಿಕ್ಷೆ, ಭಿಕ್ಷೆ ಎಲ್ಲ ಸಲೀಸಾಗಿ ಸಿಕ್ಕವು. ಆಮೇಲೆ ಸುಮ್ಮನಿರಲಾರದೆ ನನ್ನ ಹೆಸರಿಗೂ ಹುಡುಕಿದೆ. ಮೇಘನ. ‘ಘ’ ಬರುವ ಪದಗಳು ಎಲ್ಲಿವೆ? ಮಾಘ, ರಾಘವ, ಲಾಘವ, ಶ್ಲಾಘನೆ, ಆಘಾತ. ಅಲ್ಲಿಗೆ ನನ್ನ ಡಬ್ಬ ಖಾಲಿ. ಪಾಪ, ಇವನು ಎಲ್ಲಿಂದ ತರುತ್ತಾನೆ ಅಂತ ಮೊದಲ ಸಲ ಅವನ ಮೇಲೆ ಮರುಕ ಬಂತು. ಒಬ್ಬ ಗಂಡಸು ನನ್ನ ಹೆಸರನ್ನು ಬಾಯಲ್ಲಿಟ್ಟುಕೊಂಡು ಪದಕ್ಕಾಗಿ ಒದ್ದಾಡುತ್ತಿದ್ದಾನೆ ಅನ್ನುವುದು ಸಣ್ಣ ಮಾತಲ್ಲ. ಇವನು ನನಗೆ ಬೇಕು ಅನ್ನಿಸಿದ್ದು ಆಗಲೇ. ನಾನು ಕಾದದ್ದು ಉಂಗುರಕ್ಕಲ್ಲ, ಆ ಪದ್ಯಕ್ಕೆ.

ನಿಶ್ಚಿತಾರ್ಥದ ದಿನ ಮನೆಯ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದರು. ನಮ್ಮಜ್ಜಿ ಅಕ್ಕಯ್ಯಮ್ಮ ಗಂಡಿನವರು ತಂದ ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು, ‘ಮೊದ್ಲು ಹೆಸ್ರು ಹೇಳಪ್ಪಾ’ ಅಂದಳು. ಮೋಕ್ಷಿತ್ ಜುಬ್ಬದ ತೋಳು ಸರಿಮಾಡಿಕೊಂಡು ಕಣ್ಣು ಅರೆಮುಚ್ಚಿದ. ಮೇಷ್ಟರ ಹಲ್ಲುನೋವು ಶಿಷ್ಯನಿಗೂ ಅಂಟಿತ್ತು.

‘ಮಿಂಚನು ಮುಡಿದವಳೆ’ ಅಂತ ಶುರು ಮಾಡಿದ. ‘ಘ’ ಎಲ್ಲಿ ಅಂದುಕೊಂಡೆ. ಎರಡನೆಯ ಸಾಲು ‘ಅಂಚಿನ ಸೆರಗಿನಲಿ’ ಅಂತಿತ್ತು. ಮೂರನೆಯದು ‘ಕೊಂಚವೆ ನಕ್ಕವಳೆ’. ಸಂಚು, ಹೊಂಚು, ಪಂಚಮಿ, ಎಲ್ಲವೂ ಸಾಲಾಗಿ ಬಂದವು. ನಮ್ಮವರು ಫೋನು ಎತ್ತಿಹಿಡಿದು ತಲೆದೂಗುತ್ತಿದ್ದರು. ಅವನು ಬಸ್ಸಿನ ಬೋರ್ಡು ಓದಿದ್ದರೂ ದೂಗುತ್ತಿದ್ದರು. ಪದ್ಯ ಚೆನ್ನಾಗಿತ್ತು, ನನ್ನ ಹೊಟ್ಟೆ ಉರಿಸಿದ್ದೇ ಅದು. ಒಂಬತ್ತನೆಯ ಸಾಲಿನಲ್ಲಿ ಅವನ ದನಿ ನಿಜಕ್ಕೂ ನಡುಗಿತು. ಆಮೇಲೆ ಕೊನೆಯ ಸಾಲು ಬಂತು: ‘ಮೇಘನ, ನಿನ್ನ ಹೆಸರೇ ನನಗುಸಿರು.’

ಮೇಘನಳಿಗೂ ಮಿಂಚು ಅಂಚು ಕೊಂಚಗಳಿಗೂ ಪ್ರಾಸದ ಸಂಬಂಧವೇ ಇಲ್ಲ. ಅಷ್ಟೂ ಸಾಲುಗಳು ಕಾದು ನಿಂತದ್ದು ಬೇರೆ ಯಾವಳಿಗೋ. ಅವಳು ಎದ್ದುಹೋದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದ.

ಎಲ್ಲರೂ ಚಪ್ಪಾಳೆ ತಟ್ಟಿದರು. ‘ಈಗ ನೀನು ಹೇಳೇ’ ಅಂದಳು ಅಜ್ಜಿ.

‘ಇವ್ರ ಪದ್ಯಾನೇ ಸರಿ ಇಲ್ಲ ಅಜ್ಜಿ. ಕೊನೇ ಸಾಲು ಪ್ರಾಸಕ್ಕೆ ಕೂರಲ್ಲ.’

‘ಬಿಡು ಮೇಘನ, ಜನ ಇದಾರೆ’ ಅಂದ ಮೋಕ್ಷಿತ್.

‘ಹೆಸ್ರು ಬದಲಾಯ್ಸಿದ್ಮೇಲೆ ಮಿಕ್ಕಿದ್ ಸಾಲೂ ಬದಲಾಯ್ಸ್ಬೇಕಿತ್ತು ಗುರು. ನಂಗೋಸ್ಕರ ಅಷ್ಟು ಕಷ್ಟಾನೂ ಬೇಡ ಅನ್ನಿಸ್ತಾ? ಹೇಳು, ಯಾರವಳು? ಕಾಂಚನಾನೋ, ಸಿಂಚನಾನೋ?’

ಸುಳ್ಳು ಹೇಳುತ್ತಾನೆ, ಬೆವರುತ್ತಾನೆ, ಇನ್ನೂ ನಾಲ್ಕು ಮಾತು ಆಡಿ ಇವನ ನೀರಿಳಿಸಬಹುದು ಅಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ, ‘ಸಿಂಚನ’ ಅಂದ. ರಾಗವಿಲ್ಲ, ಎಳೆತವಿಲ್ಲ. ಅಷ್ಟು ಮೆತ್ತಗೆ ಅವನು ನನ್ನ ಹೆಸರನ್ನು ಒಂದು ಸಲವೂ ಹೇಳಿರಲಿಲ್ಲ. ಎಲ್ಲರ ಮುಂದೆ ಅಳು ಬಂತು, ನುಂಗಿಕೊಂಡೆ.

ಅಜ್ಜಿ ಮುಷ್ಟಿ ಬಿಚ್ಚಿ ಉಂಗುರವನ್ನು ನನ್ನ ಅಂಗೈಗೆ ಹಾಕಿದಳು. ಅದನ್ನು ಅವನ ಜುಬ್ಬದ ಜೇಬಿಗೆ ಇಳಿಸಿದೆ.

‘ಪದ್ಯ ಚೆನ್ನಾಗಿದೆ. ಹೋಗಿ ಅವಳಿಗೇ ಓದು’ ಅಂದೆ.