ಮೊದಲ ಕಡ್ಡಿ

ಹಾಲು ಉಕ್ಕಿ, ಒಲೆಯ ಮೇಲೆ ಚೆಲ್ಲಿ ಸೀದುಹೋದ ವಾಸನೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ನೆನಪಿದೆ. ಚಿಕ್ಕವಳಿದ್ದಾಗ ಹಾಲಿನ ಕಾವಲಿಗೆ ಕೂರಿಸಿದರೆ ಕಿಟಕಿಯಾಚೆಯ ಬೆಕ್ಕನ್ನು ನೋಡುತ್ತ ಮೈಮರೆಯುತ್ತಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಅಲ್ಲಿಂದಲೇ, "ಮೂಗನ್ನ ಎಲ್ಲಿ ಅಡ ಇಟ್ಟಿದ್ದೀಯೇ?" ಎಂದು ಕೂಗುತ್ತಿದ್ದಳು. ಸ್ವಲ್ಪ ಸಿಹಿ, ಸ್ವಲ್ಪ ಕಹಿ, ತಲೆಗೂದಲಿಗೂ ಅಂಟಿಕೊಳ್ಳುವ ವಾಸನೆ. ಈಗ ಅದು ನೆನಪಿನಲ್ಲಿ ಮಾತ್ರ. ಮೂರು ವರ್ಷದ ಹಿಂದೆ ಬಂದ ಒಂದು ವಾರದ ಜ್ವರ, ಹೋಗುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿತ್ತು. "ಬಂದರೂ ಬರಬಹುದು" ಎಂದಿದ್ದರು ಡಾಕ್ಟರು. ಬರಲಿಲ್ಲ.

ಗಂಡನಿಗೆ ಬಿಟ್ಟು ಇನ್ನಾರಿಗೂ ಅವಳು ಇದನ್ನು ಹೇಳಿರಲಿಲ್ಲ. ವಾಸನೆ ತಿಳಿಯದ ಅಡುಗೆಯವಳನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

ಅವಳು ಕೆಲಸ ಮಾಡುತ್ತಿದ್ದುದು ದೊಡ್ಡಕ್ಕನ ಅಡುಗೆಮನೆಯಲ್ಲಿ. ಅಲ್ಲಿಂದ ದಿನಾ ಅರವತ್ತು ಡಬ್ಬಿ ಊಟ ಆಫೀಸುಗಳಿಗೆ ಹೋಗುತ್ತಿತ್ತು. ಉದ್ದಕ್ಕೆ, ತೆಳ್ಳಗೆ, ಕುತ್ತಿಗೆಯ ಬಳಿ ತುಸು ಬಾಗಿದ್ದ ಅವಳನ್ನು ದೊಡ್ಡಕ್ಕ ಮೊದಲ ದಿನವೇ "ಸೌಟು" ಎಂದು ಕರೆದಿದ್ದರು. ಹನ್ನೊಂದು ವರ್ಷದಿಂದ ಅದೇ ಹೆಸರು. ಈರುಳ್ಳಿ ಬೆಂದಿತೋ ಇಲ್ಲವೋ ಎಂದು ಅವಳು ಬಣ್ಣ ನೋಡಿ ತಿಳಿಯುತ್ತಿದ್ದಳು, ಎಣ್ಣೆ ಕಾದದ್ದನ್ನು ಸದ್ದು ಕೇಳಿ. ಹಾಲು, ಎಣ್ಣೆ ಎಲ್ಲ ದೊಡ್ಡಕ್ಕನ ಕೈ ದಾಟಿಯೇ ಅವಳ ಬಳಿ ಬರುತ್ತಿದ್ದವು. ಮೊಣಕಾಲು ನೋವೆಂದು ಮೊದಲೆಲ್ಲ ತಡವಾಗಿ ಬರುತ್ತಿದ್ದ ದೊಡ್ಡಕ್ಕ ಈ ಎರಡು ಮೂರು ವರ್ಷದಿಂದ ಎಲ್ಲರಿಗಿಂತ ಮುಂಚೆ ಬಂದು ಒಲೆ ಹಚ್ಚಿರುತ್ತಿದ್ದರು. "ಮೊದಲ ಕಡ್ಡಿ ನಂದು. ನಾನು ಸತ್ತ ಮೇಲೆ ಯಾರು ಬೇಕಾದ್ರೂ ಗೀರ್ಕೊಳ್ಳಿ" ಎನ್ನುತ್ತಿದ್ದರು. ವಯಸ್ಸಾದವರ ಹಟ ಎಂದು ಸೌಟು ಒಳಗೊಳಗೇ ನಗುತ್ತಿದ್ದಳು.

ಈಗ ನಗು ಬರುವಂತಿರಲಿಲ್ಲ. ಮಕ್ಕಳ ಹಾಸ್ಟೆಲೊಂದರಲ್ಲಿ ಅವಳಿಗೆ ಒಂದೂವರೆ ಪಟ್ಟು ಸಂಬಳದ ಕೆಲಸ ಸಿಕ್ಕಿತ್ತು. ಲಾರಿಯಿಂದ ಮೂಟೆ ಇಳಿಸುವಾಗ ಬೆನ್ನು ಕೆಡಿಸಿಕೊಂಡ ಗಂಡ ಏಳು ತಿಂಗಳಿಂದ ಮೂರನೆಯ ಮಹಡಿಯ ಕೋಣೆ ಬಿಟ್ಟು ಇಳಿದಿರಲಿಲ್ಲ. ಮಲಗಿದಲ್ಲಿಂದಲೇ ಗಡ್ಡ ಮಾಡುವ ಕನ್ನಡಿಯನ್ನು ಕಿಟಕಿಗೆ ಹಿಡಿದು ಬೀದಿ ನೋಡುತ್ತಿದ್ದ. ಹೊಸ ಸಂಬಳ ಬಂದರೆ ನೆಲಮಹಡಿಯಲ್ಲೊಂದು ಮನೆ ಹಿಡಿಯಬಹುದಿತ್ತು.

ಆದರೆ ಕೀಲಿಕೈ ಕೊಡುವಾಗ ಹಾಸ್ಟೆಲಿನ ಮ್ಯಾನೇಜರು ಹೇಳಿದ್ದರು: "ಬೆಳಿಗ್ಗೆ ಐದಕ್ಕೆ ನೀವೇ ಬಾಗಿಲು ತೆಗೆದು ಒಲೆ ಹಚ್ಬೇಕು. ಉಳಿದವರು ಬರೋದು ಆರಕ್ಕೆ. ಮೇಲೆ ನೂರಿಪ್ಪತ್ತು ಮಕ್ಕಳು ಮಲಗಿರ್ತಾರೆ, ಪಾತ್ರೆ ಸದ್ದು ಮಾಡ್ಬೇಡಿ."

ಪಾತ್ರೆ ಸದ್ದು! ಅಲ್ಲಿನ ಮೂಲೆಯಲ್ಲಿ ಆಳೆತ್ತರದ ನಾಲ್ಕು ಗ್ಯಾಸ್ ಸಿಲಿಂಡರು ಇದ್ದವು. ಹಿಂದಿನ ದಿನ ಯಾರೋ ಒಲೆಯ ತಿರುಗಣೆ ಸರಿಯಾಗಿ ಮುಚ್ಚದೆ ಹೋಗಿದ್ದರೆ? ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಅವಳು ಒಳಗೆ ಹೋಗುತ್ತಾಳೆ, ಏನೂ ತಿಳಿಯುವುದಿಲ್ಲ, ಕಡ್ಡಿ ಗೀರುತ್ತಾಳೆ. ಅಲ್ಲಿಂದ ಮುಂದೆ ಯೋಚಿಸಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವಾಗಲೂ ಕೈ ತಡೆಯತೊಡಗಿತು. "ಹಚ್ಚು, ಏನಿಲ್ಲ" ಎಂದು ಗಂಡ ಮಲಗಿದಲ್ಲಿಂದ ಹೇಳಬೇಕಾಗುತ್ತಿತ್ತು.

ಕೆಲಸ ಬಿಡುವ ಮಾತನ್ನು ಉಳಿದವರೆದುರು ಆಡಲಾರದೆ ಅವಳು ಒಂದು ಬೆಳಿಗ್ಗೆ ಅವರಿಗಿಂತ ಮುಂಚೆಯೇ ಹೋದಳು. ಶಟರು ಅರ್ಧ ಎತ್ತಿತ್ತು. ಒಳಗೆ ದೊಡ್ಡಕ್ಕ ಆ ನೋವಿನ ಮೊಣಕಾಲನ್ನೇ ನೆಲಕ್ಕೂರಿ, ಸಿಲಿಂಡರಿನ ಪೈಪಿಗೆ ಮೂಗು ಹಚ್ಚಿ ಕೂತಿದ್ದರು.

"ದೊಡ್ಡಕ್ಕಾ, ಏನ್ಮಾಡ್ತಿದ್ದೀರಿ?"

"ಸಿಲಿಂಡರಿಗೆ ಮುತ್ತು ಕೊಡ್ತಿದ್ದೀನಿ, ಕಾಣ್ಸಲ್ವಾ? ಕೈ ಕೊಡು, ಎಬ್ಬಿಸು ಮೊದ್ಲು."

ಎಬ್ಬಿಸಿದಳು. ಹಿಡಿದ ಕೈಯನ್ನು ಬಿಡದೆಯೇ ಮಕ್ಕಳ ಹಾಸ್ಟೆಲಿನ ಕೆಲಸದ ವಿಷಯ ಹೇಳಿಬಿಟ್ಟಳು. ದೊಡ್ಡಕ್ಕ ಕೇಳಿಸಿಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡರು.

"ಒಂದೂವರೆ ಪಟ್ಟು ಅಂದ್ರೆ ಹೋಗ್ದೆ ಇರ್ತೀಯಾ? ನನ್ ಕೈಲಿ ಅಷ್ಟು ಕೊಡೋಕಾಗಲ್ಲ. ಆ ಮನುಷ್ಯನಿಗೆ ಇನ್ನೆಷ್ಟು ದಿನ ಕನ್ನಡೀಲೇ ಬೀದಿ ತೋರಿಸ್ತೀಯಾ?" ಎಂದವರು, ಸಿಲಿಂಡರಿನ ಪೈಪಿನತ್ತ ನೋಡಿ ಕೇಳಿದರು: "ಅಲ್ಲಿ ಮೊದಲ ಕಡ್ಡಿ ಯಾರದು?"

"ನಂದೇ."

"ಮತ್ತೆ ಮೂಸೋರು ಯಾರು?"

ಸೌಟು ದೊಡ್ಡಕ್ಕನ ಕೈ ಬಿಟ್ಟಳು. "ನಿಮ್ಗೆ... ಗೊತ್ತಿತ್ತಾ?"

"ಮಸಿಬಟ್ಟೆ ಸೀದ ದಿನಾನೇ ಗೊತ್ತಾಯ್ತು. ನಾವೆಲ್ಲ ಸುಟ್ಟ ವಾಸನೆ ಎಲ್ಲಿಂದ ಅಂತ ಹುಡುಕ್ತಿದ್ರೆ ನೀನು ಅದಕ್ಕೆ ಬೆನ್ನು ಹಾಕಿ ಹಾಡ್ಕೊಂಡು ಈರುಳ್ಳಿ ಹೆಚ್ತಿದ್ದೆ."

"ಮೂರು ವರ್ಷ ಆಯ್ತು! ಒಂದ್ ಮಾತು ಆಡ್ಲಿಲ್ವಲ್ಲ?"

"ನೀನು ಮುಚ್ಚಿಟ್ಟಿದ್ದೆ. ತೆಗೆದು ನೋಡೋಕೆ ಅದೇನು ಡಬ್ಬಿ ಮುಚ್ಳಾನಾ?" ದೊಡ್ಡಕ್ಕ ಕಡ್ಡಿಪೆಟ್ಟಿಗೆಗೆ ಕೈ ಹಾಕಿದರು. "ಹೋಗು, ಬೇಡ ಅನ್ನಲ್ಲ. ಆದ್ರೆ ಅವರಿಗೆ ಹೇಳು."

"ಹೇಳಿದ್ರೆ ಕೀಲಿಕೈ ಕಿತ್ಕೋತಾರೆ, ದೊಡ್ಡಕ್ಕ."

"ಕಿತ್ಕೊಂಡ್ರೆ ನಿನ್ನ ಏಪ್ರನ್ ಈ ಮೊಳೆ ಮೇಲೇ ಇರುತ್ತೆ. ಹೇಳ್ದೇನೇ ಹಚ್ಚಿದ್ರೆ..." ಅವರು ಹೊಗೆ ಹಿಡಿದ ತಾರಸಿಯತ್ತ ನೋಡಿದರು, ಮಕ್ಕಳು ಅದರ ಮೇಲೆಯೇ ಮಲಗಿದ್ದಾರೆ ಎನ್ನುವಂತೆ.

ಮಧ್ಯಾಹ್ನ ಸೌಟು ಹಾಸ್ಟೆಲಿಗೆ ಹೋಗಿ ಕೀಲಿಕೈಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ನಿಂತೇ ಎಲ್ಲ ಹೇಳಿದಳು. ಮ್ಯಾನೇಜರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಕೀಲಿಕೈ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಮುಗಿಯಿತು ಎಂದುಕೊಂಡಳು ಅವಳು. ಕನ್ನಡಿಯೊಳಗಿನ ಬೀದಿ ಕಣ್ಣ ಮುಂದೆ ಬಂತು.

"ತಾತಾ, ನಿಮ್ಮ ಮೂಗು ಹೇಗಿದೆ?" ಮ್ಯಾನೇಜರು ಗೇಟಿನ ಕಾವಲುಗಾರನನ್ನು ಕೂಗಿ ಕೇಳಿದರು.

"ಕಣ್ಣು ರಜಾ ಹಾಕಿದೆ ಸಾರ್, ಕಿವಿ ಅರ್ಧ ದಿನ ಬರುತ್ತೆ. ಮೂಗೊಂದೇ ತಪ್ಪದೆ ಡ್ಯೂಟಿಗೆ ಬರೋದು!"

"ಹಾಗಾದ್ರೆ ನಾಳಿದ್ದಿನಿಂದ ಅಡುಗೆಮನೆ ಬಾಗಿಲು ನೀವು ತೆಗೀರಿ. ಮೂಸಿ ನೋಡಿ ಸರಿ ಅಂದ ಮೇಲೆ ಈ ಅಮ್ಮ ಒಳಗೆ ಬರ್ಲಿ." ಅವಳತ್ತ ತಿರುಗಿ, "ಒಂದು ತಿಂಗಳು ನೋಡೋಣ" ಎಂದರು.

ಮೊದಲ ದಿನ ಐದಕ್ಕೆ ಅವಳು ಹೊರಗೆ ನಿಂತಿದ್ದಳು. ತಾತ ಟಾರ್ಚು ಹಿಡಿದು ಒಳಗೆ ಹೋದರು. ಎಷ್ಟು ಹೊತ್ತಾದರೂ ಸದ್ದಿಲ್ಲ. ತಾತನಿಗೆ ಏನಾದರೂ ಆಯಿತೇ? ಆ ಮುದಿ ಮೂಗನ್ನು ನಂಬಬಹುದೇ? ಆಗ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡ ಸದ್ದು ಬಂತು.

"ಏನಿಲ್ಲಮ್ಮಾ, ಬಾ. ಪ್ರತಿ ಒಲೇನೂ ಎರಡೆರಡು ಸಲ ಮೂಸ್ದೆ, ಅದಕ್ಕೇ ತಡ."

ಒಂದು ಕಡ್ಡಿ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದನ್ನು ಅವಳು ಕಣ್ಣು ಮುಚ್ಚಿ ಗೀರಿದಳು. ಬುಸ್ಸೆಂದು ಒಲೆ ಹತ್ತಿ, ನೀಲಿ ಉರಿ ಸುತ್ತ ಅರಳಿ, ಸುಮ್ಮನೆ ಉರಿಯತೊಡಗಿತು. ಮೇಲೆ ಯಾವುದೋ ಮಗು ಕೆಮ್ಮಿ ಮಗ್ಗುಲು ಬದಲಿಸಿತು. ಭಯ ಹೋಗಲಿಲ್ಲ. ನಾಳೆಯೂ ಇದೇ ಬಾಗಿಲು, ಇದೇ ಕಡ್ಡಿ.

ಮಕ್ಕಳ ತಿಂಡಿಯ ಗಂಟೆ ಹೊಡೆಯುವ ಮುಂಚೆ ಅವಳು ಮೊದಲ ತಟ್ಟೆಯನ್ನು ತುಂಬಿದಳು. ಬಿಸಿ ಆರದಂತೆ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದ ತಾತನ ಬಳಿಗೆ ನಡೆದು ಹೋಗಿ, ಅವರ ಎರಡೂ ಕೈಗಳಿಗೆ ಕೊಟ್ಟಳು.