ವರ್ಷ ತುಂಬದ ಮನೆ

ನನ್ನ ಹೆಂಡತಿ ಗಂಗಾಂಬಿಕೆ ಲಿಂಗೈಕ್ಯಳಾಗಿ ಎಂಟು ತಿಂಗಳು ಕಳೆದಿದ್ದವು. ಆಗ ಒಂದು ದಿನ ಅಕ್ಷತಾ ನಮ್ಮ ಮನೆಗೆ ಬಂದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ತುಮಕೂರಿನಲ್ಲಿ ನಾನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಈಗ ಅವಳೇ ಮುಖ್ಯಸ್ಥೆ. ಬಿ.ಎ.ಗೆ ಸಂಗೀತ ತೆಗೆದುಕೊಳ್ಳುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ನೀವು ಸುತ್ತಮುತ್ತಲ ಪಿ.ಯು. ಕಾಲೇಜುಗಳಿಗೆ ಹೋಗಿ ನಾಲ್ಕು ಮಾತು ಹೇಳಿ ಬರಬೇಕು ಎಂದು ಕೇಳಿದಳು. ತರುಣ ಅಧ್ಯಾಪಕರು ಹೋದರೆ ಕರಪತ್ರ ಇಸಿದುಕೊಂಡು ಬಾಗಿಲಿನಿಂದಲೇ ಕಳಿಸುತ್ತಾರೆ, ಬಿಳಿ ಪಂಚೆಯ ಮುದುಕರು ಹೋದರೆ ಕುರ್ಚಿ ಹಾಕುತ್ತಾರೆ ಎಂಬುದು ಅವಳ ಎಣಿಕೆ. ನಾನು ಒಪ್ಪಿಕೊಂಡೆ. ಮನೆಯಲ್ಲಿ ಕೂತು ಮಾಡುವ ಕೆಲಸ ಯಾವುದೂ ಇರಲಿಲ್ಲ.

ಮಕ್ಕಳನ್ನು ಸಂಗೀತಕ್ಕೆ ಕರೆಯುವುದೂ ಅವರಿಗೆ ಬುದ್ಧಿ ಹೇಳುವುದೂ ಎಷ್ಟೋ ಸಲ ಒಂದಕ್ಕೊಂದು ಹೊಂದುವುದಿಲ್ಲ. ನಾನು ಕೇಳಿದವರಿಗೆಲ್ಲ ಇದ್ದದ್ದನ್ನೇ ಹೇಳಿದೆ. ಮುಂದೆ ಓದಿದರೆ ಪಾಠದ ಕೆಲಸ ಸಿಗಬಹುದು, ಸಿಗದೆಯೂ ಇರಬಹುದು. ಮೂರು ವರ್ಷವೂ ದಿನಕ್ಕೆ ಎರಡು ಗಂಟೆ ಕೂತು ಸಾಧನೆ ಮಾಡಬೇಕು. ಅದಾಗದವರು ಬೇರೆ ವಿಷಯ ತೆಗೆದುಕೊಳ್ಳುವುದೇ ಮೇಲು. ಕುಣಿಗಲ್ಲಿನಲ್ಲಿ ಅಂಜನ್‌ಕುಮಾರ್ ಎಂಬ ಹುಡುಗನ ತಂದೆ, ಎಷ್ಟನೇ ಸೆಮಿಸ್ಟರಿಗೆ ಮಗ ಟಿ.ವಿ.ಯಲ್ಲಿ ಹಾಡಬಹುದು ಎಂದು ವಿಚಾರಿಸಿದರು. ಹುಡುಗನನ್ನು ಹಾಡಿಸಿ ಕೇಳಿದ ಮೇಲೆ, ಅವನ ಗಣಿತದ ಅಂಕ ಚೆನ್ನಾಗಿದೆ, ಬಿ.ಕಾಂ.ಗೆ ಸೇರಿಸಿ ಎಂದೆ. ಆ ಸುದ್ದಿ ಅಕ್ಷತಾಳಿಗೆ ತಲುಪಿ ಅವಳು ಫೋನು ಮಾಡಿದಳು.

“ಸರ್, ನಿಮ್ಮನ್ನ ಕಳ್ಸಿದ್ದು ಸೇರ್ಸೋಕೆ. ಬಂದೋರನ್ನ ವಾಪಸ್ ಕಳ್ಸೋಕಲ್ಲ.”

ಹುಲಿಯೂರುದುರ್ಗದ ಇಬ್ಬರು ಹುಡುಗಿಯರು ಅರ್ಜಿ ತೆಗೆದುಕೊಂಡರು ಎಂದು ಹೇಳಿ ಅವಳನ್ನು ಸಮಾಧಾನ ಮಾಡಿದೆ. ಆಮೇಲೆ ಗುಬ್ಬಿ ತಾಲ್ಲೂಕಿನ ಕಡಬಕ್ಕೆ ಹೊರಟೆ. ಅಲ್ಲಿಗೆ ಹೋಗಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಪೂಜಾ ಎಂಬ ಹುಡುಗಿ ಇದ್ದಳು. ಅವಳ ಹಾಡನ್ನು ನಾನು ಒಂದೇ ಒಂದು ಸಲ, ನನ್ನ ಹೆಂಡತಿಯನ್ನು ಮಣ್ಣು ಮಾಡಿದ ದಿನ ಕೇಳಿದ್ದೆ.

ಕಡಬ ಗಂಗಾಂಬಿಕೆಯ ತವರು. ಅವಳು ಹೋದ ಸುದ್ದಿ ತಿಳಿದು ತವರಿನವರು ಅಲ್ಲಿಂದ ಸಾವಿನ ಪದ ಹೇಳುವ ಹೆಂಗಸರನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ಪುಟ್ಟಗಂಗಮ್ಮ ಎಂಬ ಮುದುಕಿ, ಅವಳ ಮೊಮ್ಮಗಳು ಪೂಜಾ, ಇನ್ನಿಬ್ಬರು. ಒಂದು ಜೊತೆ ತಾಳ ಬಿಟ್ಟರೆ ಬೇರೆ ವಾದ್ಯವಿಲ್ಲ. ಹೋದವರು ಮನೆಯ ಒಂದೊಂದು ವಸ್ತುವಿಗೂ ಹೇಳಿ ಹೊರಡುವ ಪದ ಅದು. ಅದಕ್ಕಾಗಿ ಆ ಹೆಂಗಸರು ಮೊದಲು ಮನೆಯವರನ್ನು ಕೇಳುತ್ತಾರೆ: ಅಮ್ಮನವರು ಏನೇನು ಕೈಯಲ್ಲಿ ಹಿಡಿಯುತ್ತಿದ್ದರು, ಎಲ್ಲಿ ಕೂರುತ್ತಿದ್ದರು ಎಂದು. ನನ್ನನ್ನು ಕೇಳಿದಾಗ ಒಳಗೆ ಕೇಳಿ ಎಂದೆ. ಮಹಡಿಯ ಮೇಲಿರುವ ನನ್ನ ತಮ್ಮನ ಹೆಂಡತಿ ಏನೋ ಹೇಳಿಕೊಟ್ಟಳು.

ಗಂಗಾಂಬಿಕೆಯನ್ನು ಹೂವಿನ ವಿಮಾನದಲ್ಲಿ ಕೂರಿಸಿದ್ದರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಅವರು ಪದ ಹೇಳಿದರು. ಮೂರು ಗಂಟೆ ಕಾಲ ಆ ಹುಡುಗಿ ಯಾವ ಶ್ರುತಿಯ ಆಧಾರವೂ ಇಲ್ಲದೆ ಹಾಡಿದಳು. ಶುರುವಿನಲ್ಲಿ ಷಡ್ಜ ಎಲ್ಲಿತ್ತೋ ಕೊನೆಯಲ್ಲೂ ಅಲ್ಲಿಯೇ ಇತ್ತು. ಕೂದಲಿನಷ್ಟೂ ಇಳಿದಿರಲಿಲ್ಲ. ಇದು ನನಗೆ ಹೇಗೆ ಗೊತ್ತೆಂದರೆ, ನಲವತ್ತೆರಡು ವರ್ಷ ಜೊತೆಗಿದ್ದವಳನ್ನು ಎದುರಿಗಿಟ್ಟುಕೊಂಡು ನಾನು ಶ್ರುತಿ ಅಳೆಯುತ್ತಾ ಕೂತಿದ್ದೆ. ಪದದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮದು ಸಾವಿಗೆ ಸೂತಕವಿಲ್ಲ ಎಂದು ನಂಬಿದ ಮನೆತನ. ಲಿಂಗದಲ್ಲಿ ಒಂದಾದವರಿಗಾಗಿ ಅಳುವುದೇಕೆ ಎಂದು ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ. ಮರುದಿನ ಬೆಳಿಗ್ಗೆ ಎಂದಿನಂತೆ ಪೂಜೆಗೆ ಕೂತೆ. ನಾಲ್ಕನೇ ದಿನ ವಿಭಾಗದ ಒಂದು ಸಮಾರಂಭಕ್ಕೂ ಹೋಗಿ ಬಂದೆ. ತಂಬೂರಿಯನ್ನು ಮಾತ್ರ ಆಮೇಲೆ ಮುಟ್ಟಿರಲಿಲ್ಲ. ಯಾರಾದರೂ ಕೇಳಿದರೆ ಬೆರಳಿನ ಗಂಟು ನೋವು ಎನ್ನುತ್ತಿದ್ದೆ.

ಕಡಬದಲ್ಲಿ ಪೂಜಾ ಸಿಕ್ಕಳು. ಪಿ.ಯು. ಮುಗಿಸಿ ಗುಬ್ಬಿಯ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಗೊತ್ತುಮಾಡಿಕೊಂಡಿದ್ದಳು. ತಂದೆ ತಾಯಿ ತೆಂಗಿನ ನಾರಿನ ಕಾರ್ಖಾನೆಗೆ ಹೋಗುವವರು. ಹುಡುಗಿಯ ವಿಷಯದಲ್ಲಿ ತೀರ್ಮಾನವೆಲ್ಲ ಅಜ್ಜಿಯದೇ. ಎಲ್ಲರಿಗೂ ಹೇಳುವಂತೆ ಅವಳಿಗೂ ಕಷ್ಟಗಳನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಅಜ್ಜಿ ಪದಗಳು ಯಾವ ರಾಗ ಅಂತ ಅಲ್ಲಿ ಹೇಳ್ಕೊಡ್ತಾರಾ ಸರ್? ಅಜ್ಜೀಗೆ ಗೊತ್ತಿಲ್ಲ. ನನಗೆ ಗೊತ್ತಾಗ್ಬೇಕು.”

ಇಷ್ಟು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಹೇಳಿಕೊಡುತ್ತಾರೆ ಎಂದೆ. ಪುಟ್ಟಗಂಗಮ್ಮ, ಮೂರು ವರ್ಷ ತಾನೇ, ಓದಲಿ ಬುಡಿ ಎಂದಳು. ನಾನು ಅಕ್ಷತಾಳಿಗೆ ಫೋನು ಮಾಡಿ, ನನ್ನ ಕಾಲದಲ್ಲಿ ಇಂಥ ಕಿವಿ ಕಂಡಿಲ್ಲ ಎಂದು ಹೇಳಿದೆ. ಹುಡುಗಿ ಪರೀಕ್ಷೆಯಲ್ಲಿ ಏನು ಹಾಡುತ್ತಾಳೆ ಎಂದು ಕೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ತಪ್ಪಾದದ್ದು ಅಲ್ಲಿ.

ಪ್ರವೇಶಕ್ಕೆ ಒಂದು ಸಣ್ಣ ಪರೀಕ್ಷೆ ಉಂಟು. ಇಬ್ಬರು ಅಧ್ಯಾಪಕರು ಕೂತು ಕೇಳಿ ಅಂಕ ಹಾಕಿ ಸಹಿ ಮಾಡಬೇಕು. ನೂರಕ್ಕೆ ನಲವತ್ತು ಬಂದರೆ ಸೀಟು. ಮಂಗಳವಾರ ಪೂಜಾ ಬಂದು ಅಕ್ಷತಾ ಮತ್ತು ಅವಳ ಸಹೋದ್ಯೋಗಿಯ ಎದುರು ಶಾಲೆಯ ಪ್ರಾರ್ಥನೆ ಹಾಡಿದಳು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸ್ವರ ತಪ್ಪಲಿಲ್ಲ, ಆದರೆ ಸಾಲಿನಲ್ಲಿ ನಿಂತು ಹಾಜರಿ ಹೇಳುವವಳ ಹಾಗೆ ಹಾಡಿದಳು. ದನಿ ಗಂಟಲಿನಿಂದ ಆಚೆಗೆ ಬರಲಿಲ್ಲ. ಬೇರೆ ಏನಾದರೂ ಹಾಡು ಎಂದರು. ಒಂದು ಸಿನಿಮಾ ಹಾಡು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದಳು. ನಿನಗೆ ಚೆನ್ನಾಗಿ ಬರುವುದು ಹಾಡಮ್ಮ ಎಂದಳು ಅಕ್ಷತಾ.

“ಚೆನ್ನಾಗ್ ಬರೋದನ್ನ ಇಲ್ಲಿ ಹೇಳಂಗಿಲ್ಲ ಮೇಡಂ. ಸಾವಾಗಿರೋ ಮನೇಲೇ ಹೇಳ್ಬೇಕು.”

ಇಬ್ಬರು ಪರೀಕ್ಷಕರೂ ಮುಖ ಮುಖ ನೋಡಿಕೊಂಡರು. ಮೂವತ್ತೆರಡು ಅಂಕ ಬಿತ್ತು. ಪ್ರವೇಶಕ್ಕೆ ಶನಿವಾರ ಕೊನೆಯ ದಿನ. ಸೋಮವಾರದಿಂದ ಅವಳು ಅಂಗಡಿಗೆ ಹೋಗಬೇಕು.

ವರಾಂಡದಲ್ಲಿ ನಾನು ಅವಳಿಗೆ ಸ್ವಲ್ಪ ಬಿರುಸಾಗಿಯೇ ಹೇಳಿದೆ. ಸಾವು, ಸೂತಕ ಎಂಬುದೆಲ್ಲ ನಾವು ಮಾಡಿಕೊಂಡದ್ದು, ಹಾಡಿಗೆ ಅದು ಅಂಟುವುದಿಲ್ಲ ಎಂದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅಜ್ಜಿ ಬೇಡವೆನ್ನುತ್ತಾಳೆಯೇ ಎಂದು ಕೇಳಿದ್ದಕ್ಕೆ, ಅಜ್ಜಿ ಹೂಂ ಅಂದರೂ ತಾನು ಹೇಳುವುದಿಲ್ಲ ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟು ಹೋದಳು.

ಗುರುವಾರ ನಾನು ಮತ್ತೆ ಕಡಬಕ್ಕೆ ಹೋದೆ. ಪುಟ್ಟಗಂಗಮ್ಮ ಜಗುಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ನಾನು ಅದೇ ಮಾತನ್ನು ಅವಳಿಗೂ ಹೇಳಿದೆ. ಅವಳಿಗೆ ಕೋಪವೇನೂ ಬರಲಿಲ್ಲ.

“ಮೈಲಿಗೆ ಗೀಲಿಗೆ ಅಂತ ನಾನೇನ್ ಅಂದ್ನಾ ಮೇಷ್ಟ್ರೇ? ಆ ಪದಕ್ಕೆ ಒಂದ್ ಕೆಲ್ಸ ಐತೆ. ಕೆಲ್ಸ ಇಲ್ದಿರೋ ಕಡೆ ಕರುದ್ರೆ ಅದು ಬಂದ್ ಏನ್ ಮಾಡ್ತದೆ? ನಿಂತ್ಕಂಡು ಯಾರ್ನ ಕಳಿಸ್ಕೊಡ್ತದೆ?”

ಮೊಮ್ಮಗಳ ಸೀಟು ಹೋಗುತ್ತದಲ್ಲ ಎಂದೆ. ಹೋದರೆ ಹೋಗಲಿ ಎಂದು ಅವಳು ಹೇಳಲಿಲ್ಲ. ಕಾಳು ಆರಿಸುವುದನ್ನು ನಿಲ್ಲಿಸಿದಳು. ನಿನ್ನೆ ರಾತ್ರಿ ಹುಡುಗಿ ಊಟ ಮಾಡಿಲ್ಲ ಎಂದಳು. ಮೊರ ಕೆಳಗಿಟ್ಟು ನನ್ನ ಕಡೆ ನೋಡಿದಳು.

“ನೀವೂ ಸರಿ. ಅವತ್ತು ಅಮ್ನೋರ್ ಮಖ ನೋಡ್ದೆ ನಮ್ ಹುಡ್ಗಿ ಬಾಯಿ ನೋಡ್ತಾ ಕುಂತಿದ್ರಿ. ನಾನ್ ಕಾಣ್ನಿಲ್ಲ ಅಂದ್ಕಂಡ್ರಾ?”

ನಾನು ಇಲ್ಲವೆನ್ನಲಿಲ್ಲ. ನೀರು ಕೇಳಿ ಕುಡಿದೆ. ಆಮೇಲೆ, ಒಂದು ಮನೆ ಎಷ್ಟು ದಿನ ಸಾವಿನ ಮನೆಯಾಗಿರುತ್ತದೆ ಎಂದು ಕೇಳಿದೆ. ವರ್ಷ ತುಂಬುವ ತನಕ ಎಂದಳು. ನಮ್ಮ ಮನೆಗೆ ಇನ್ನೂ ನಾಲ್ಕು ತಿಂಗಳಿದೆ, ಅಲ್ಲಿ ಹಾಡಬಹುದಲ್ಲ ಎಂದೆ. ಅವಳು ಆಗದು ಎಂಬಂತೆ ತಲೆಯಾಡಿಸಿದಳು.

“ನಿಮ್ಮಲ್ಲಿ ಅದೆಲ್ಲ ಇಲ್ಲ ಅಂತ ಈಗ್ತಾನೆ ಅಂದ್ರಿ. ಇಲ್ಲ ಅಂದ್ಮೇಲೆ ಇಲ್ಲ. ಮನೆ ಯಜಮಾನ್ರು ನೀವು, ನೀವೇ ಹೇಳ್ಬೇಕು. ನಿಮ್ದು ಸಾವಿನ್ ಮನೆಯೋ, ಅಲ್ವೋ?”

ಪೂಜಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಎಂಟು ತಿಂಗಳಿಂದ ನಾನು ಬೇರೆಯವರಿಗೆ ಹೇಳಿದ ಸಮಾಧಾನದ ಮಾತುಗಳೆಲ್ಲ ನನಗೆ ನೆನಪಾದವು. ಅವು ಸುಳ್ಳೆಂದು ಈಗಲೂ ನಾನು ಹೇಳುವುದಿಲ್ಲ. ಆದರೆ ಮುದುಕಿ ಕೇಳಿದ್ದು ಅದನ್ನಲ್ಲ.

“ಸಾವಿನ ಮನೆಯೇ ಕಣಮ್ಮ,” ಎಂದೆ.

ಹಾಗಾದರೆ ಶನಿವಾರ ಬರುತ್ತೇವೆ ಎಂದು ಹೇಳಿ ಅವಳು ಮತ್ತೆ ಮೊರ ಎತ್ತಿಕೊಂಡಳು.

ಪರೀಕ್ಷೆಯನ್ನು ನಮ್ಮ ಮನೆಯಲ್ಲಿ ಮತ್ತೆ ಮಾಡಬಹುದೇ ಎಂದಾಗ ಅಕ್ಷತಾ ಮೊದಲು ಆಗುವುದಿಲ್ಲ ಎಂದಳು. ಆಮೇಲೆ ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದಳು. ಕೊನೆಯ ದಿನದವರೆಗೆ ಮರುಪರೀಕ್ಷೆಗೆ ಅವಕಾಶವಿತ್ತು. ಇಬ್ಬರು ಕೇಳಿ ಸಹಿ ಮಾಡಬೇಕು ಎಂದಿತ್ತೇ ಹೊರತು ಎಲ್ಲಿ ಕೂತು ಕೇಳಬೇಕು ಎಂದಿರಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಹೋದ್ಯೋಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅಜ್ಜಿ ಮೊಮ್ಮಗಳು ಅಷ್ಟರೊಳಗೆ ಬಂದು ನಡುಮನೆಯಲ್ಲಿ ಗಂಗಾಂಬಿಕೆಯ ಪಟದ ಎದುರು ಕೂತಿದ್ದರು. ನನ್ನ ತಮ್ಮನ ಹೆಂಡತಿ ದೀಪ ಹಚ್ಚಿ ವಿಭೂತಿಯ ತಟ್ಟೆ ಇಟ್ಟಿದ್ದಳು.

ನಾನು ಮೂಲೆಯಲ್ಲಿದ್ದ ತಂಬೂರಿಯನ್ನು ಎತ್ತಿಕೊಂಡೆ. ಅದರ ಗವಸನ್ನು ಗಂಗಾಂಬಿಕೆ ತನ್ನದೊಂದು ಹಸಿರು ಸೀರೆ ಹರಿದು ಹೊಲಿದಿದ್ದಳು. ಗವಸು ಬಿಚ್ಚಿದೆ. ತಂತಿಗಳು ಸಡಿಲವಾಗಿದ್ದವು. ಯಾವ ಶ್ರುತಿ ಎಂದರೆ ಪೂಜಾಳಿಗೆ ಹೇಳಲು ತಿಳಿಯದು. ಅವಳು ಒಂದು ಸಲ ದನಿ ಎತ್ತಿದಳು, ನಾನು ಅದಕ್ಕೆ ಕೂಡಿಸಿದೆ. ಆಗ ಅವಳು ಕೇಳಿದಳು.

“ಅಮ್ಮ ಏನೇನ್ ಹಿಡೀತಿದ್ರು ಸರ್?”

ಈ ಸಲ ಒಳಗೆ ಕೇಳು ಎನ್ನಲಿಲ್ಲ. ಕಾಲು ಮುರಿದು ದಾರ ಕಟ್ಟಿದ ಕನ್ನಡಕ ಎಂದೆ. ಮೊಸರಿನ ಕುಡಿಕೆ. ಹಿತ್ತಲಿನ ದೊಡ್ಡಪತ್ರೆ ಗಿಡ. ನಾನು ಸಾಧನೆಗೆ ಕೂತಾಗ ಅವಳು ಒರಗಿ ಕೂರುತ್ತಿದ್ದ ಈ ಕಂಬ. ಮತ್ತೆ ಈ ಗವಸು. ಪೂಜಾ ಬಾಯಲ್ಲೇ ಎರಡು ಸಲ ಎಣಿಸಿಕೊಂಡು ಶುರುಮಾಡಿದಳು. ಅಜ್ಜಿ ತಾಳ ಹಿಡಿದಳು. ನಾನು ತಂಬೂರಿ ಮೀಟುತ್ತಾ ಪಟವನ್ನು ನೋಡುತ್ತಾ ಕೂತೆ. ಕನ್ನಡಕಕ್ಕೆ ಹೇಳಿದ್ದಾಯಿತು. ಕುಡಿಕೆಗೆ ಹೇಳಿದ್ದಾಯಿತು. ಕಂಬಕ್ಕೆ ಹೇಳುವಾಗ, ಇನ್ನು ನಿನಗೆ ಒರಗುವವರಿಲ್ಲ, ನೀನೇ ನೆಟ್ಟಗೆ ನಿಲ್ಲು ಎಂಬ ಮಾತು ಬಂತು. ಅಲ್ಲಿ ನನ್ನ ಕೈ ನಿಂತಿತು. ಪೂಜಾ ನಿಲ್ಲಿಸಲಿಲ್ಲ. ತಂಬೂರಿಯಿಲ್ಲದೆಯೇ ಮುಂದೆ ಹೋದಳು.

ಪದ ಮುಗಿಯಿತು. ಅಕ್ಷತಾ ಹಾಳೆಯ ಮೇಲೆ ಏನೋ ಬರೆದು, ಒಂದು ಕಾಲಂ ಹತ್ತಿರ ಪೆನ್ನು ನಿಲ್ಲಿಸಿ, ತಂಬೂರಿ ನಿಂತ ಮೇಲೆ ಶ್ರುತಿ ಹೇಗಿತ್ತು ಸರ್ ಎಂದು ಮೆಲ್ಲಗೆ ಕೇಳಿದಳು. ಅವಳಿಗೇ ಗೊತ್ತಿರುವ ವಿಷಯ. ಹಳೆಯ ಗುರುವೆಂದು ಮರ್ಯಾದೆಗೆ ಕೇಳಿದ್ದು.

“ನಾನು ಗಮನಿಸಲಿಲ್ಲಮ್ಮ,” ಎಂದೆ.

ಪುಟ್ಟಗಂಗಮ್ಮ ನನ್ನನ್ನು ಒಂದು ಸಲ ನೋಡಿದಳು. ತಾಳಗಳನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಇಬ್ಬರು ಪರೀಕ್ಷಕರೂ ಸಹಿ ಮಾಡಿ, ಹುಡುಗಿಯನ್ನು ತಮ್ಮ ಕಾರಿನಲ್ಲಿಯೇ ಕರೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ಪ್ರವೇಶ ಮುಗಿಸಿದರು.

ಕಾರ್ತಿಕದಲ್ಲಿ ನಮ್ಮ ಮನೆಯಲ್ಲಿ ವರ್ಷದ ಗಣಾರಾಧನೆ ನಡೆಯಿತು. ಪೂಜಾ ಈಗ ವಾರಕ್ಕೆ ಎರಡು ದಿನ ಕಾಲೇಜು ಮುಗಿಸಿಕೊಂಡು ನನ್ನ ಹತ್ತಿರ ಪಾಠಕ್ಕೆ ಬರುತ್ತಾಳೆ. ಅಲಂಕಾರಗಳು ಮುಗಿದು ಗೀತೆಗಳಿಗೆ ಬಂದಿದ್ದೇವೆ. ಅಜ್ಜಿಯ ಪದಗಳ ಸ್ವರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಅವಳೇ ಬರೆದುಕೊಂಡು ಬಂದು ತೋರಿಸುತ್ತಾಳೆ. ನಾನು ನೋಡಿ ತಿದ್ದುತ್ತೇನೆ. ಇಲ್ಲಿ ಅವುಗಳನ್ನು ಅವಳು ಹಾಡುವುದಿಲ್ಲ. ನಾನೂ ಹಾಡು ಎಂದು ಕೇಳಿಲ್ಲ.